ಕಾಡುಕೋಳಿಯ ಗರಿ ಮತ್ತು ಬಿಸ್ಕತ್ತಿನ ಡಬ್ಬಿ

ಈ ಸಲದ ಕಥೆ ಶುರುವಾಗೋದು ಬಸವೇಶ್ವರನಗರದ ನಮ್ಮನೆ ಡೈನಿಂಗ್ ಟೇಬಲ್ ಮೇಲೆ. ನಡುವೆ ಸ್ಕಾಟ್ಲೆಂಡಿಗೆ ಹೋಗಿ, ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಬರುತ್ತೆ. ಕೇಳ್ತಾ ಇರಿ.

ಎರಡು ತಿಂಗಳ ಹಿಂದೆ ನನಗೊಂದು ಹುಚ್ಚು ಹಿಡೀತು. ಫ್ಲೈ ಕಟ್ಟೋದು. ಫ್ಲೈ ಅಂದ್ರೆ ಇಲ್ಲಿ ನೊಣ ಅಲ್ಲ. ಗಾಳಕ್ಕೆ ಎರೆಹುಳು ಚುಚ್ಚೋ ಬದಲು, ಕೊಕ್ಕೆಯ ಮೇಲೆ ದಾರ, ಗರಿ, ಕೂದಲು ಸುತ್ತಿ ಮೀನಿಗೆ ಹುಳದ ಹಾಗೆ ಕಾಣೋ ಒಂದು ಮೋಸದ ಹುಳ ಮಾಡ್ತಾರಲ್ಲ, ಅದು. ಬಿ.ಕಾಂ. ಓದಿದವನಿಗೆ ಇದೆಲ್ಲ ಯಾಕೆ ಅಂತ ಅಮ್ಮ ಕೇಳಿದ್ರು. ಉತ್ತರ ಇರಲಿಲ್ಲ.

ಸಾಮಾನಿಗೆ ಹೆಚ್ಚು ಅಲೆಯಲಿಲ್ಲ. ಕೊಕ್ಕೆಯನ್ನ ಹಿಡಿದು ನಿಲ್ಲಿಸೋಕೆ ಅಪ್ಪ ರಾಜಾಜಿನಗರದ ತಮ್ಮ ಲೇತ್ ವರ್ಕ್‌ಶಾಪಿಂದ ಪುಟ್ಟ ವೈಸ್ ತಂದ್ರು. ಕಪ್ಪು ದಾರ, ಜರಿ ಎರಡೂ ವಿಜಯನಗರದ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು. ಗರಿ ಕೇಳಿದಾಗ ಮಾತ್ರ ನಾಟಿ ಕೋಳಿ ಅಂಗಡಿಯವರು ನನ್ನನ್ನ ಒಂದು ಥರ ನೋಡಿದ್ರು. ಆಮೇಲೆ ಹುಂಜದ ಕುತ್ತಿಗೆಯ ಗರಿ ಒಂದು ಕವರ್ ತುಂಬ ಕೊಟ್ಟು, ದುಡ್ಡೂ ತಗೊಳ್ಳಲಿಲ್ಲ.

ಕೆಲಸ ಹೀಗೆ: ಕೊಕ್ಕೆಯ ಕಡ್ಡಿಗೆ ಮೊದಲು ದಾರ ಒತ್ತಾಗಿ ಸುತ್ತಬೇಕು, ಇಲ್ಲದಿದ್ರೆ ಮೇಲಿನದೆಲ್ಲ ಜಾರುತ್ತೆ. ಹಿಂದೆ ಬಾಲಕ್ಕೆ ನಾಲ್ಕು ಎಳೆ ಗರಿ. ಮೈಗೆ ಉಣ್ಣೆ, ಅದರ ಮೇಲೆ ಜರಿ ಓರೆಯಾಗಿ. ಮುಂದೆ ಕುತ್ತಿಗೆಯ ಗರಿಯನ್ನ ಬುಡದಿಂದ ಕಟ್ಟಿ ಮೂರು ಸುತ್ತು ಸುತ್ತಿದ್ರೆ ಅದರ ಎಳೆಗಳು ಕಾಲುಗಳ ಹಾಗೆ ಸುತ್ತಲೂ ನಿಲ್ಲುತ್ತವೆ. ಕೊನೆಗೆ ಗಂಟು, ಗಂಟಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್. ನನ್ನ ಮೊದಲನೆಯದು ಒದ್ದೆಯಾದ ಜಿರಳೆ ಥರ ಇತ್ತು. ಹತ್ತನೆಯದು ಪರವಾಗಿಲ್ಲ.

ಹನ್ನೊಂದನೆಯದಕ್ಕೆ ಒಂದು ಹಳೇ ಸ್ಕಾಟಿಷ್ ಮಾದರಿ ಆರಿಸಿಕೊಂಡೆ. ಹೆಸರು ಜಾಕ್ ಸ್ಕಾಟ್. ಹತ್ತೊಂಬತ್ತನೇ ಶತಮಾನದ್ದು, ಸಾಲ್ಮನ್ ಮೀನಿಗೆ. ಅದರ ಸಾಮಾನಿನ ಪಟ್ಟಿ ನೋಡಿದ್ರೆ ಮ್ಯೂಸಿಯಂ ಕ್ಯಾಟಲಾಗ್ ಇದ್ದ ಹಾಗಿದೆ. ಟೂಕನ್ ಗರಿ. ಇಂಡಿಯನ್ ಕ್ರೋ. ಆಹಾ ನಮ್ಮ ಕಾಗೆ ಅಂದ್ಕೊಂಡೆ, ನೋಡಿದ್ರೆ ಅದು ದಕ್ಷಿಣ ಅಮೆರಿಕದ ಹಕ್ಕಿ. ಕೊನೆಯಲ್ಲಿ, ಎರಡೂ ಕೆನ್ನೆಗೆ ಒಂದೊಂದು ಜಂಗಲ್ ಕಾಕ್.

ಇದು ನಿಜಕ್ಕೂ ನಮ್ಮದು. ಪಶ್ಚಿಮ ಘಟ್ಟದ ಬೂದು ಕಾಡುಕೋಳಿ. ಪಿಯರೆ ಸೊನ್ನೆರಾ ಅನ್ನೋ ಫ್ರೆಂಚ್ ಪ್ರಕೃತಿ ವಿಜ್ಞಾನಿಯ ಹೆಸರಲ್ಲಿ 1813ರಲ್ಲಿ ಇದಕ್ಕೆ ಗ್ಯಾಲಸ್ ಸೊನ್ನೆರಾಟಿ ಅಂತ ಹೆಸರಿಟ್ಟರು. ಹುಂಜದ ಕುತ್ತಿಗೆಯ ಗರಿ ವಿಚಿತ್ರ: ತುದಿಯ ಕಡೆ ದಂಟು ಅಗಲವಾಗಿ, ಮೇಣ ಸುರಿದು ಗಟ್ಟಿಯಾದ ಹಾಗೆ ಕೆನೆಬಣ್ಣದ ಹೊಳೆಯೋ ಚುಕ್ಕೆ ಇರುತ್ತೆ. ಕೊಕ್ಕೆಗೆ ಕಟ್ಟಿದ್ರೆ ಪುಟ್ಟ ಮೀನಿನ ಕಣ್ಣಿನ ಹಾಗೇ ಕಾಣುತ್ತೆ. ಬ್ರಿಟನ್ನಿನಲ್ಲಿ ಅದಕ್ಕೆ ಬೇಡಿಕೆ ಬಂದಿದ್ದು ಅದಕ್ಕೇ. ಒಂದು ಫ್ಲೈಗೆ ಬೇಕಾಗೋದು ಬೆರಳ ತುದಿಯಷ್ಟು ಗರಿ. ಆದರೆ ಮಾರಾಟ ಆಗ್ತಿದ್ದದ್ದು ಇಡೀ ಕುತ್ತಿಗೆಯ ಚರ್ಮ. ಅಂದ್ರೆ ಒಂದು ಚರ್ಮಕ್ಕೆ ಒಂದು ಹಕ್ಕಿ.

ತಮಾಷೆ ನೋಡಿ, ಅದೇ ಕಾಲದಲ್ಲಿ ಗಾಳ ಹಾಕೋದರ ಬಗ್ಗೆ ಒಂದು ಮುಖ್ಯ ಪುಸ್ತಕ ನಮ್ಮ ಮಂಗಳೂರಿನಲ್ಲೇ ಅಚ್ಚಾಯ್ತು. 1873ರಲ್ಲಿ, 'ದಿ ರಾಡ್ ಇನ್ ಇಂಡಿಯಾ'. ಬರೆದವನು ಎಚ್. ಎಸ್. ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಸಾಹೇಬರಿಗೆ ಇಲ್ಲಿ ಹುಚ್ಚು ಹಿಡಿಸಿದ್ದು ಮಹಶೀರ್ ಮೀನು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರಿಗೆ ಹೆಸರಾದ ಎರೆ ಯಾವುದು ಗೊತ್ತಾ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ನಮ್ಮ ಮೀನಿಗೆ ಮುದ್ದೆ ಸಾಕಿತ್ತು, ಅವರ ಮೀನಿಗೆ ನಮ್ಮ ಹಕ್ಕಿ ಬೇಕಾಯ್ತು.

ಕಾನೂನಿನ ಲೆಕ್ಕ ಬೇಗ ಹೇಳಿಬಿಡ್ತೀನಿ. 1902ರಲ್ಲಿ ಬ್ರಿಟಿಷ್ ಸರ್ಕಾರವೇ ಭಾರತದಿಂದ ಕಾಡು ಹಕ್ಕಿಗಳ ಗರಿ, ಚರ್ಮದ ರಫ್ತು ನಿಷೇಧಿಸ್ತು. ಆಗಿನ ದೊಡ್ಡ ಗಿರಾಕಿ ಹೆಂಗಸರ ಟೋಪಿಯ ಫ್ಯಾಷನ್. 1921ರಲ್ಲಿ ಬ್ರಿಟನ್ ತನ್ನ ಕಡೆಯಿಂದ ಆಮದಿಗೂ ಕಾಯ್ದೆ ತಂತು. ಆದರೂ 1960ರ ದಶಕದಲ್ಲಿ ಈ ಕಾಡುಕೋಳಿಯ ರಫ್ತನ್ನ ಮತ್ತೊಮ್ಮೆ ತಡೀಬೇಕಾಯ್ತು. ಒಂದೇ ಬಾಗಿಲಿಗೆ ಎರಡು ಸಲ ಬೀಗ ಹಾಕ್ತಾರೆ ಅಂದ್ರೆ ಮೊದಲನೇ ಬೀಗ ಎಷ್ಟು ಭದ್ರವಾಗಿತ್ತು ಅಂತ ನೀವೇ ಲೆಕ್ಕ ಹಾಕಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ಹೊರದೇಶದಲ್ಲಿ ಕಾನೂನಾಗಿ ಸಿಗೋದು ಅಲ್ಲೇ ಸಾಕಿದ ಹಕ್ಕಿಗಳ ಗರಿ, ಇಲ್ಲಾಂದ್ರೆ ಪ್ಲಾಸ್ಟಿಕ್ಕಿನ ನಕಲಿ.

ಆಸೆ ಮಾತ್ರ ಹೋಗಿಲ್ಲ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಿಂದ ಒಬ್ಬ ಸಂಗೀತ ವಿದ್ಯಾರ್ಥಿ 299 ಹಕ್ಕಿಗಳ ಚರ್ಮ ಕದ್ದ. ಫ್ಲೈ ಕಟ್ಟೋದಕ್ಕೆ, ಕಟ್ಟೋರಿಗೆ ಮಾರೋದಕ್ಕೆ. ಅದನ್ನ ಓದಿ ನಾನು ನಕ್ಕಿದ್ದೆ. ಎಂಥ ಜನಾನಪ್ಪ ಅಂತ.

ಆಮೇಲೆ ಮೂಡಿಗೆರೆ ಹತ್ತಿರ ಸೋದರಮಾವನ ಮನೆಗೆ ಹೋದೆ. ಊಟಕ್ಕೆ ಕೂತಾಗ ಈ ಗರಿಯ ವಿಷಯ ತೆಗೆದೆ. ಮಾವ ಕೈ ತೊಳೆದು ಅಟ್ಟಕ್ಕೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದ್ರು. ಒಳಗೆ ಹಳೇ ಪೇಪರ್, ನುಸಿಗುಳಿಗೆ, ಅದರಡಿ ಒಂದು ಕುತ್ತಿಗೆಯ ಚರ್ಮ. ಅಜ್ಜ ಕೋವಿ ಹಿಡಿದು ಓಡಾಡ್ತಿದ್ದ ಕಾಲದ್ದು. ಇಷ್ಟು ವರ್ಷ ಆದ್ರೂ ಆ ಚುಕ್ಕೆಗಳು ಈಗಷ್ಟೇ ಬಣ್ಣ ಹಚ್ಚಿದ ಹಾಗಿದ್ವು.

"ಬೇಕಾದ್ರೆ ತಗೊಂಡು ಹೋಗೋ. ಇಲ್ಲಿ ಹುಳ ತಿನ್ನುತ್ತೆ ಅಷ್ಟೆ," ಅಂದ್ರು.

ನಾನು ತಕ್ಷಣ ಬೇಡ ಅನ್ನಲಿಲ್ಲ. ಅದನ್ನ ಇಲ್ಲಿ ಒಪ್ಪಿಕೊಳ್ಳಬೇಕು. ಎರಡೇ ಎರಡು ಗರಿ ಕಿತ್ತುಕೊಂಡ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಕೈಯಲ್ಲಿ ಹಿಡ್ಕೊಂಡು ಲೆಕ್ಕ ಹಾಕ್ತಾ ಇದ್ದೆ. ಆ ಮ್ಯೂಸಿಯಂ ಹುಡುಗನೂ ಹೀಗೇ ಲೆಕ್ಕ ಹಾಕಿರಬೇಕು. ಕಾಯ್ದೆಯ ಪ್ರಕಾರ ಗರಿಯೂ ಟ್ರೋಫಿನೇ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆದಾಗ ಎಷ್ಟು ಮನೆಗಳಲ್ಲಿ ಬೀರು ತೆಗೆದು ನೋಡಿಕೊಂಡ್ರು, ನೆನಪಿದೆಯಲ್ಲ?

"ಬೇಡ ಮಾವ," ಅಂದೆ. "ಇದಕ್ಕೆ ಸರ್ಟಿಫಿಕೇಟ್ ಏನಾದ್ರೂ ಇದೆಯಾ?"

ಅವರು ನಕ್ಕರು. ಆಮೇಲೆ ನಗಲಿಲ್ಲ. ಅಜ್ಜನ ನೆನಪಿಗೆ ಅಂತ ಉಳಿದಿರೋದು ಅದೊಂದೇ ಡಬ್ಬಿ, ಅದನ್ನ ಫಾರೆಸ್ಟ್‌ನವರ ಮುಂದೆ ಇಟ್ಟು ಏನಂತ ಹೇಳಲಿ ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ವಕೀಲರೊಬ್ಬರನ್ನ ಕೇಳೋಣ ಅಂತ ಅಷ್ಟೇ ಹೇಳಿದೆ. ಡಬ್ಬಿ ವಾಪಸ್ ಅಟ್ಟಕ್ಕೆ ಹೋಯ್ತು.

ನನ್ನ ಜಾಕ್ ಸ್ಕಾಟ್‌ಗೆ ಕೆನ್ನೆ ಬಂದಿದ್ದು ನಾಟಿ ಹುಂಜದ ಕಪ್ಪು ಗರಿಯಿಂದ. ಅದರ ತುದಿಗೆ ತಂಗಿಯ ನೇಲ್ ಪಾಲಿಶ್, ಕೆನೆಬಣ್ಣ, ಎರಡು ಕೋಟ್. ದೂರದಿಂದ ನೋಡಿದ್ರೆ ನಂಬಬಹುದು. ಕೆಂಗೇರಿ ಕಡೆ ಹರಿಯೋ ನಮ್ಮ ವೃಷಭಾವತಿಯಲ್ಲಂತೂ ಅದನ್ನ ನಂಬೋಕೆ ಮೀನೇ ಇಲ್ಲ, ನೊರೆ ಇದೆ. ಅದೇ ನೀರು ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತೆ. ಅದೇ ಬೇರೆ ಸಂಚಿಕೆಯ ವಿಷಯ.

ಮಾವನ ಹತ್ತಿರ ಒಂದು ಮಾತ್ರ ಕೇಳಿಕೊಂಡೆ. ಬೆಳಗಿನ ಜಾವ ತೋಟದ ಹಿಂದಿನ ಕಾಡಲ್ಲಿ ಕಾಡುಕೋಳಿ ಕೂಗುತ್ತಲ್ಲ, ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂತ. ಮೂರು ದಿನ ಬೇಗ ಎದ್ದು ಕೂತಿದ್ರಂತೆ. ಊರ ಹುಂಜದ ಹಾಗೆ ಎಳೆದು ಕೂಗಲ್ಲ ಇದು, ತುಂಡು ತುಂಡಾಗಿ ಕೂಗುತ್ತೆ. ಹಿಂದೆ ಮಾವ ಕೆಮ್ಮೋದೂ ಕೇಳಿಸುತ್ತೆ, ಅದನ್ನ ಎಡಿಟ್ ಮಾಡಿಲ್ಲ. ಕೇಳಿ.