ತಾರೀಖು ಬರೂ ಮೊದಲ ನಮ್ಮ ಅಡಗಿಮನಿ

ಮೊನ್ನೆ ಹುಕ್ಕೇರಿ ವೈನಿ ಫೋನ್ ಮಾಡಿ, "ರವಾ ಪಾಕೀಟಿನ ತಾರೀಖು ಮುಗದು ಹದಿನೈದು ದಿನಾ ಆತು. ಇನ್ನಾ ಒಡದಿಲ್ಲ. ಚೆಲ್ಲಲೋ, ಉಪ್ಪಿಟ್ಟು ಮಾಡಲೋ?" ಅಂತ ಕೇಳಿದ್ರು. ಮೂಡಲಗಿ ಆಯಿ ಮುಂದ ಈ ಮಾತು ಹೇಳಿದ್ರ, "ರವಾಕ್ಕೂ ಜಾತಕಾ ಬರದಾರೇನ?" ಅಂತ ನಕ್ಕಳು.

ಆಯಿ ನಗೂದರಾಗ ತಪ್ಪಿಲ್ಲ. ಪಾಕೀಟಿನ ಮ್ಯಾಲಿನ ತಾರೀಖು ಆಕಿಗಿಂತ ಭಾಳ ಸಣ್ಣದು. ಕಟ್ಟಿದ ತಿಂಗಳು, ವರ್ಷ ಅಚ್ಚು ಹಾಕಬೇಕು ಅಂತ ದೇಶಕ್ಕೆಲ್ಲಾ ನಿಯಮ ಬಂದದ್ದು 1977ರಾಗ, ತೂಕ-ಅಳತಿ ಕಾಯ್ದೆ ಕೆಳಗ. ಅದು ಯಾವಾಗ ಕಟ್ಟಿದ್ದು ಅನ್ನೂದು ಹೇಳತಿತ್ತು, ಯಾವಾಗ ಕೆಡತೈತಿ ಅನ್ನೂದಲ್ಲ.

ಅದಕ್ಕಿಂತ ಮೊದಲ ನಮ್ಮ ಹೆಣ್ಣಮಕ್ಕಳ ಕಡೆ ಇದ್ದದ್ದು ಒಂದ ತಾರೀಖು: ಮಿರಗ. ಶಾವಿಗಿ, ಹಪ್ಪಳ, ಸಂಡಿಗಿ, ವರ್ಷದ ಖಾರ, ಉಪ್ಪು ಹಚ್ಚಿದ ಹುಣಸಿಹಣ್ಣು, ಔಡಲೆಣ್ಣಿ ಸವರಿದ ಬ್ಯಾಳಿ, ಎಲ್ಲಾ ಮಿರಗದ ಮಳಿ ಬೀಳೂದರಾಗ ಒಣಗಿ ಡಬ್ಬಿ ಸೇರಬೇಕು. ಬಿಸಲು ಸಾಲದ ಒಳಗ ಹೋದದ್ದು ಶ್ರಾವಣದಾಗ ಮುಗ್ಗತಿತ್ತು. ಅವರು ದಿನಾ ಎಣಸಲಿಲ್ಲ, ಹಸಿ ಎಷ್ಟು ಉಳದೈತಿ ಅನ್ನೂದು ನೋಡಿದ್ರು. ಕಾಳು ಹಲ್ಲಿಗೆ ಹಾಕಿ ಕಡದಾಗ ಟಕ್ ಅಂದ್ರ ತುಂಬೂದು, ಮೆತ್ತಗ ಅಂದ್ರ ಮತ್ತ ಅಂಗಳಕ್ಕ.

ಜ್ವಾಳದ ಹಗೇವು ನೋಡ್ರಿ. ನೆಲದಾಗ ಆಳ ತಗ್ಗು ತೋಡಿ, ಒಳಗ ಕಣಕಿ ಹೊಂದಿಸಿ, ಜ್ವಾಳ ಸುರುವಿ, ಬಾಯಿಗೆ ಮಣ್ಣು ಮೆತ್ತತಿದ್ರು. ಕಾಳೂ ಉಸರಾಡತೈತಿ. ಮುಚ್ಚಿದ ತಗ್ಗಿನಾಗಿನ ಆಮ್ಲಜನಕ ಮುಗದ ಮ್ಯಾಲ ಹುಳಾ ಬದುಕೂದಿಲ್ಲ, ಅದಕ್ಕ ಜ್ವಾಳ ವರ್ಷಗಟ್ಟಲೆ ಉಳೀತಿತ್ತು. ಆದ್ರ ಅದ ಗಾಳಿ ಮನಶ್ಯಾಗೂ ಮೃತ್ಯು. ತೆಗದ ಕೂಡಲೆ ಇಳದವರು ಉಸರುಗಟ್ಟಿ ಸತ್ತದ್ದು ಐತಿ. ಅದಕ್ಕ ಬಾಯಿ ತೆಗದು ಒಂದ ದಿನಾ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪಾ ಆರಲಿಲ್ಲ ಅಂದ್ರ ಇಳೀತಿದ್ರು. ಗ್ವಾಡಿಗೆ ಹತ್ತಿದ ಹಸಿ, ಕರ್ರಗಾದ ಜ್ವಾಳ ಬ್ಯಾರೆ ತಗೀತಿದ್ರು. ಆ ಬ್ಯಾರೆ ತಗಿಯೂ ಕೆಲಸಾನ ಇವತ್ತಿಗೂ ದೊಡ್ಡದು ಅಂತೀನಿ ನಾ.

ಈಗ ವೈನಿ ಪ್ರಶ್ನೆಗೆ ಬರೂಣು. 2006ರ ಆಹಾರ ಸುರಕ್ಷತಾ ಕಾಯ್ದೆ ಆದ ಮ್ಯಾಲ ಲೇಬಲ್ಲಿನ ನಿಯಮ ಬಿಗಿ ಆದುವು. 'ಬೆಸ್ಟ್ ಬಿಫೋರ್' ಅಂದ್ರ ರುಚಿ, ಗುಣ ಅಲ್ಲೀತನಕ ಚಲೋ ಅನ್ನೂ ಮಾತು. ಮುಚ್ಚಿದ ರವಾ ಒಣಾ ಇದ್ರ ಸೋಸಿ, ಮೂಸಿ, ಹುರದು ಮಾಡ್ರಿ ಅಂತ ವೈನಿಗೆ ಹೇಳಿದ್ನಿ. 'ಎಕ್ಸ್‌ಪೈರಿ', 'ಯೂಸ್ ಬೈ' ಅಂದ್ರ ಆ ದಿನಾ ದಾಟಿದ್ದು ಮಾರಂಗಿಲ್ಲ, ತಿನ್ನಂಗಿಲ್ಲ. 2020ರ ನಿಯಮದಾಗ ಇದು ಖಾಯಂ ಬರೀಬೇಕು, 'ಬೆಸ್ಟ್ ಬಿಫೋರ್' ಬೇಕಾದ್ರ ಅಷ್ಟ. ಎಕ್ಸ್‌ಪೈರಿ ಕೂಡ ನಾ ವಾದಾ ಮಾಡಾಂಗಿಲ್ಲ, ಕೂಸಿನ ಪುಡಿ ಇದ್ರಂತೂ ಇಲ್ಲೇ ಇಲ್ಲ.

ನಮ್ಮ ಗೋಕಾಕ ಕರದಂಟಿಗೂ ತಾರೀಖು ಬಂತ್ರಿ. ಬಿಡಿ ಮಿಠಾಯಿ ತಾಟಿನ ಮುಂದೂ 'ಬೆಸ್ಟ್ ಬಿಫೋರ್' ಬರದು ಇಡಬೇಕು ಅಂತ 2020ರ ಅಕ್ಟೋಬರ್ 1ಕ್ಕ ಆಜ್ಞೆ ಆತು. ತುಪ್ಪದಾಗ ಕರದ ಅಂಟು, ಬೆಲ್ಲ, ಒಣ ಕೊಬ್ರಿ: ನೀರು ಕಡಿಮಿ, ಅದಕ್ಕ ಬಾಳಿಕಿ ಜಾಸ್ತಿ. ಬೂಷ್ಟು ಬರೂದಕ್ಕಿಂತ ಮೊದಲ ಕೊಬ್ರಿ ಕಮಟ ಆಗತೈತಿ, ಮೂಗಿಗೆ ಗೊತ್ತಾಗತೈತಿ.

ಮೂಗಿಗೆ, ನಾಲಿಗಿಗೆ ಗೊತ್ತಾಗದ್ದು ಬ್ಯಾರೆ ಐತಿ. 1974ರಾಗ ಗುಜರಾತದ ಪಂಚಮಹಲ, ರಾಜಸ್ಥಾನದ ಬಾಂಸವಾಡಾ ಕಡೆ ಮಳಿಗೆ ನೆಂದ ಗೋವಿನಜ್ವಾಳ ಉಂಡು 397 ಮಂದಿಗೆ ಕಾಮಣಿ ಆಗಿ, 106 ಮಂದಿ ಸತ್ರು. ಆ ಮನಿಗಳ ನಾಯಿಗಳೂ ಸತ್ತವು. ಬೂಷ್ಟಿನಿಂದ ಹುಟ್ಟೂ ಅಫ್ಲಾಟಾಕ್ಸಿನ್ ಅನ್ನೂ ವಿಷ ಅದು. ಶೇಂಗಾದಾಗೂ ಬರತೈತಿ, ಹುರದ್ರ ಪೂರಾ ಹೋಗೂದಿಲ್ಲ. 1995ರಾಗ ನಮ್ಮ ಕರ್ನಾಟಕ ಮತ್ತ ಆಂಧ್ರದ ಹಳ್ಳಿಗಳಾಗ ಮಳಿಗೆ ಸಿಕ್ಕ ಜ್ವಾಳ, ಗೋವಿನಜ್ವಾಳದ ರೊಟ್ಟಿ ತಿಂದವರಿಗೆ ಹೊಟ್ಟಿನೋವು, ಭೇದಿ ಹತ್ತಿತು. ಅದು ಇನ್ನೊಂದ ಬೂಷ್ಟಿನ ವಿಷ, ಫ್ಯುಮೊನಿಸಿನ್. ಆ ಜ್ವಾಳ ಬಿಟ್ಟ ಮ್ಯಾಲ ಆರಾಮ ಆದ್ರು. ಇವ್ಯಾವೂ ತಾರೀಖು ಮುಗದ ಕಾಳಲ್ಲ, ಅದ ವರ್ಷದ ಬೆಳಿ.

2019ರ ಆಗಸ್ಟಿನಾಗ ಹಿಡಕಲ್ಲಿನಿಂದ ನೀರು ಬಿಟ್ಟು ಘಟಪ್ರಭಾ ಗೋಕಾಕ ಹೊಕ್ಕಾಗ ಮನಿಯೊಳಗಿನ ಚೀಲ ನೆಂದದ್ದು ನಿಮಗೆಲ್ಲಾ ನೆನಪೈತಿ. ಹಂತಾ ಕಾಳು ಬಿಸಲಿಗೆ ಹಾಕಿ ಬೀಸಾಕ ಕೊಡೂ ಆಸೆ ಆಗತೈತಿ, ವರ್ಷದ ಅನ್ನ ಅದು. ಆದ್ರ ಹೊಳಿ ನೀರು ಹೊಕ್ಕದ್ದು, ಮುಗ್ಗಿದ್ದು, ಹಸರು-ಕರಿ ಬೂಷ್ಟು ಹತ್ತಿದ್ದು ತೊಳದು ಒಣಗಿಸಿದ್ರೂ ಉಣ್ಣಬ್ಯಾಡ್ರಿ. ಕೋಳಿಗೂ ಹಾಕಬ್ಯಾಡ್ರಿ: ಈ ಅಫ್ಲಾಟಾಕ್ಸಿನ್ ಗೊತ್ತಾದದ್ದ 1960ರಾಗ ಇಂಗ್ಲೆಂಡಿನಾಗ ಬೂಷ್ಟ ಹಿಡದ ಶೇಂಗಾ ಹಿಂಡಿ ತಿಂದು ಲಕ್ಷ ಟರ್ಕಿ ಕೋಳಿ ಸತ್ತ ಮ್ಯಾಲ. ಎಮ್ಮಿಗೆ ಹಾಕಿದ್ರ ವಿಷ ಹಾಲಿನಾಗ ಇಳದು ನಮ್ಮ ಚಾದ ಬಟ್ಟಲಕ್ಕ ಬರತೈತಿ. ತಗ್ಗು ತೋಡಿ ಹೂಳ್ರಿ, ದನಾ ಕೆದರದಂಗ ಆಳ.