ಸಿ ಭಾಷೆಯಲ್ಲಿ ಬಣ್ಣದ ಪ್ರಗತಿಪಟ್ಟಿ: ಬೈಟ್ ಎಣಿಕೆ ಮತ್ತು ಕಾಲಮ್ ಅಳತೆ

1. ವ್ಯಾಪ್ತಿ

ಟರ್ಮಿನಲ್‌ನ ಒಂದೇ ಸಾಲಿನಲ್ಲಿ ತುಂಬುತ್ತಾ ಹೋಗುವ ಬಣ್ಣದ ಪ್ರಗತಿಪಟ್ಟಿಗೆ ಸಿ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ಕೋಡ್ ಸಾಕು. ಆದರೂ ಅದೇ ಕೋಡ್ ಒಂದು ಟರ್ಮಿನಲ್‌ನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕೆಡುವುದುಂಟು. ದೋಷದ ಮೂಲ ಬಹುಮಟ್ಟಿಗೆ ಬಣ್ಣವಲ್ಲ, ಎಣಿಕೆ ಎಂಬುದಷ್ಟೇ ಈ ಟಿಪ್ಪಣಿಯ ಪ್ರತಿಪಾದನೆ. ಯುಟಿಎಫ್-8 ಬಳಸುವ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಚರ್ಚೆ ಸೀಮಿತ.

2. ರವಾನೆಯಾಗುವ ಬೈಟ್‌ಗಳು

ಹಸಿರು ಪಟ್ಟಿಯೊಂದನ್ನು ಒಮ್ಮೆ ಚಿತ್ರಿಸಲು ಹೋಗುವ ಬೈಟ್‌ಗಳು, ದಶಮಾಂಶದಲ್ಲಿ, ಕ್ರಮವಾಗಿ ಹೀಗಿವೆ: 13 (ಕರ್ಸರ್ ಸಾಲಿನ ಆರಂಭಕ್ಕೆ), 27 91 51 50 109 (ಹಸಿರು), ಪಟ್ಟಿಯ ಚಿಹ್ನೆಗಳು, 27 91 48 109 (ಬಣ್ಣ ರದ್ದು), 27 91 75 (ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸು). ಕೊನೆಯ ಎರಡರ ಕ್ರಮ ಮುಖ್ಯ. ಹಿನ್ನೆಲೆ ಬಣ್ಣದಿಂದ ಪಟ್ಟಿ ತುಂಬಿಸಿ, ಅದನ್ನು ರದ್ದುಪಡಿಸುವ ಮೊದಲೇ ಅಳಿಸಿದರೆ, ಎಕ್ಸ್‌ಟರ್ಮ್‌ನಂಥವು ಸಾಲಿನ ಉಳಿದ ಭಾಗಕ್ಕೂ ಆ ಬಣ್ಣ ಬಳಿಯುತ್ತವೆ. ಎಲ್ಲ ಟರ್ಮಿನಲ್‌ಗಳೂ ಹಾಗೆ ಮಾಡುವುದಿಲ್ಲ.

27ನೇ ಬೈಟನ್ನು ಕೋಡ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಮತ್ತು ಇ ಎಂದು ಬರೆಯುವ ರೂಢಿ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳ ವಿಸ್ತರಣೆ. 1989ರ ಸಿ ಮಾನಕದಲ್ಲಾಗಲಿ 2011ರದರಲ್ಲಾಗಲಿ ಅದಿಲ್ಲ. ಆಕ್ಟಲ್ 033 ಎಂದು ಬರೆಯುವುದು ಸುರಕ್ಷಿತ. ಆಕ್ಟಲ್ ರೂಪ ಮೂರು ಅಂಕಿಗೆ ನಿಲ್ಲುತ್ತದೆ. ಹೆಕ್ಸಾಡೆಸಿಮಲ್ ರೂಪಕ್ಕೆ ಅಂಥ ಮಿತಿಯಿಲ್ಲದ್ದರಿಂದ ಮುಂದಿನ ಅಕ್ಷರವನ್ನೂ ನುಂಗುವ ಸಂಭವವಿದೆ.

3. ಬಣ್ಣಸಂಖ್ಯೆಗಳಲ್ಲಿನ ವ್ಯತ್ಯಾಸ

ಈ ಸಂಕೇತಗಳನ್ನು ಹೆಚ್ಚಾಗಿ ವಿಟಿ100ರ ಹೆಸರಿನೊಂದಿಗೆ ಹೇಳುವುದುಂಟು. 1978ರ ಆ ಟರ್ಮಿನಲ್ ಏಕವರ್ಣದ್ದು. 30ರಿಂದ 37ರವರೆಗಿನ ಬಣ್ಣಸಂಖ್ಯೆಗಳಿಗೆ ಆಧಾರವಾಗಿ ಉಲ್ಲೇಖಿಸಬಹುದಾದದ್ದು ಇಸಿಎಂಎ-48ರ ಐದನೇ ಆವೃತ್ತಿ (1991). 90ರಿಂದ 97ರವರೆಗಿನ ಉಜ್ವಲ ಬಣ್ಣಗಳು ಅದರಲ್ಲಿಲ್ಲ.

ಮಾನಕ ಕೊಡುವುದು ಬಣ್ಣದ ಹೆಸರನ್ನು ಮಾತ್ರ. 33 ಎಂದರೆ ಹಳದಿ. ಲಿನಕ್ಸ್ ಕನ್ಸೋಲ್‌ನ ಕೈಪಿಡಿಪುಟದಲ್ಲಿ ಅದೇ ಸಂಖ್ಯೆ ಕಂದು. ವಿಜಿಎ ವರ್ಣಪಟ್ಟಿಯಲ್ಲಿ ಅದರ ಮೌಲ್ಯ 170, 85, 0. ಎಕ್ಸ್‌ಟರ್ಮ್‌ನ ಪೂರ್ವನಿಯೋಜಿತ ಮೌಲ್ಯ 205, 205, 0. ಆದ್ದರಿಂದ ಅರ್ಧ ಮುಗಿದದ್ದಕ್ಕೆ ಹಳದಿ, ಪೂರ್ತಿಗೆ ಹಸಿರು ಎಂಬ ಭೇದವನ್ನು ಬಣ್ಣವೊಂದರ ಮೇಲೇ ಹೊರಿಸುವುದು ಸಮರ್ಥನೀಯವಲ್ಲ. ಶೇಕಡಾ ಅಂಕಿ ಜೊತೆಗಿರಬೇಕು.

ಆ ಅಂಕಿಯ ಲೆಕ್ಕದಲ್ಲೂ ಒಂದು ಎಚ್ಚರ ಬೇಕು. ಮುಗಿದ ಬೈಟ್‌ಗಳನ್ನು 32 ಬಿಟ್‌ನ ಇಂಟ್‌ನಲ್ಲಿಟ್ಟು 100ರಿಂದ ಗುಣಿಸಿದರೆ 21474836ರ ನಂತರ ಫಲ ಮಿತಿ ಮೀರುತ್ತದೆ. ಅಂದರೆ ಸುಮಾರು 20 ಮೆಗಾಬೈಟ್‌ನ ಕಡತವೇ ಸಾಕು.

4. ಬಫರ್ ಮತ್ತು ಗಮ್ಯಸಾಧನ

ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್‌ಗೆ ಜೋಡಿಸಿದ್ದಾಗ ಜಿಲಿಬ್‌ಸಿ ಸಾಲುಬಫರ್ ಪದ್ಧತಿಯನ್ನು ಅನುಸರಿಸುತ್ತದೆ. 10ನೇ ಬೈಟ್ ಬಂದರೆ ಬಫರ್ ಖಾಲಿಯಾಗುತ್ತದೆ, 13ಕ್ಕೆ ಆಗುವುದಿಲ್ಲ. ಹೊಸಸಾಲನ್ನೇ ಬಳಸದ ಪ್ರಗತಿಪಟ್ಟಿ ಎಫ್‌ಫ್ಲಶ್ ಇಲ್ಲದಿದ್ದರೆ ಬಹುಹೊತ್ತು ಕಾಣದಿರುವುದಕ್ಕೆ ಇದೇ ಕಾರಣ. ಸ್ಟ್ಯಾಂಡರ್ಡ್ ಎರರ್ ಬಳಸಿದರೆ ಪೈಪ್ ದತ್ತಾಂಶಕ್ಕಷ್ಟೇ ಮೀಸಲಾಗಿ ಉಳಿಯುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಬಫರ್ ಇಲ್ಲದ್ದರಿಂದ ತುಣುಕು ತುಣುಕಾಗಿ ಬರೆದರೆ ಪಟ್ಟಿ ಮಿನುಗಬಹುದು. ಇಡೀ ಸಾಲನ್ನು ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ಒಂದೆಡೆ ಕಟ್ಟಿ ಒಮ್ಮೆಗೇ ಬರೆಯುವುದು ಮೇಲು.

ಈಸ್‌ಎಟಿಟಿವೈ ಪರೀಕ್ಷೆಯನ್ನು ಬರೆಯಲಿರುವ ಡಿಸ್ಕ್ರಿಪ್ಟರ್‌ನ ಮೇಲೆಯೇ ನಡೆಸಬೇಕು. 2ಕ್ಕೆ ಬರೆಯುವಾಗ 1ನ್ನು ಪರೀಕ್ಷಿಸಿ ಫಲವಿಲ್ಲ. 2017ರಲ್ಲಿ ಪ್ರಸ್ತಾಪವಾದ ನೋ ಕಲರ್ ಪರಿಸರ ಚರದ ಆರಂಭದ ಪಠ್ಯದಲ್ಲಿ ಚರ ಇದ್ದರೆ ಸಾಕು, ಬಣ್ಣ ಕೈಬಿಡಬೇಕು ಎಂದಿತ್ತು. ಈಗಿನ ಪಠ್ಯದ ಪ್ರಕಾರ ಅದರ ಮೌಲ್ಯ ಖಾಲಿಯಾಗಿರಬಾರದು. ಗೆಟ್‌ಎನ್ವ್ ಶೂನ್ಯ ಪಾಯಿಂಟರ್ ಕೊಟ್ಟಿತೇ ಎಂದಷ್ಟೇ ನೋಡುವ ಹಳೆಯ ಕೋಡ್ ಈ ಒಂದು ಸಂದರ್ಭದಲ್ಲಿ ಭಿನ್ನವಾಗಿ ವರ್ತಿಸುತ್ತದೆ.

5. ಅಗಲ

ತುಂಬಿದ ಭಾಗಕ್ಕೆ ಬಳಸುವ ಪೂರ್ಣ ಚೌಕ ಯೂನಿಕೋಡ್‌ನ 2588. ಖಾಲಿ ಭಾಗದ ತಿಳಿಛಾಯೆಯ ಚೌಕ 2591. ಎರಡಕ್ಕೂ ಯುಟಿಎಫ್-8ರಲ್ಲಿ ಮೂರು ಮೂರು ಬೈಟ್. 40 ಚೌಕಗಳ ಪಟ್ಟಿಗೆ ಸ್ಟ್ರ್‌ಲೆನ್ 120 ಎನ್ನುತ್ತದೆ. ಬಣ್ಣದ ಸಂಕೇತಗಳು ಸೇರಿದರೆ 129. ಈ ಒಂಬತ್ತು ಬೈಟ್‌ಗಳು ಪರದೆಯ ಮೇಲೆ ಜಾಗವನ್ನೇ ಪಡೆಯುವುದಿಲ್ಲ.

ಇಷ್ಟೇ ಆಗಿದ್ದರೆ ಮೂರರಿಂದ ಭಾಗಿಸಿ ಮುಗಿಸಬಹುದಿತ್ತು. ಯೂನಿಕೋಡ್‌ನ ಪೂರ್ವ ಏಷ್ಯಾ ಅಗಲದ ಕೋಷ್ಟಕದಲ್ಲಿ 2588 ‘ಅನಿಶ್ಚಿತ’ ವರ್ಗಕ್ಕೆ ಸೇರಿದ್ದರೆ 2591 ಸೇರಿಲ್ಲ. ಅನಿಶ್ಚಿತ ಚಿಹ್ನೆಗಳಿಗೆ ಎರಡು ಕಾಲಮ್ ಕೊಡುವಂತೆ ಹೊಂದಿಸಿದ ಟರ್ಮಿನಲ್‌ನಲ್ಲಿ ಅದೇ ಪಟ್ಟಿ ಆರಂಭದಲ್ಲಿ 40 ಕಾಲಮ್, ಮುಕ್ಕಾಲು ತುಂಬಿದಾಗ 70, ಮುಗಿದಾಗ 80 ಕಾಲಮ್ ಆಗುತ್ತದೆ. 80 ಕಾಲಮ್‌ನ ಕಿಟಕಿಯಲ್ಲಿ ಶೇಕಡಾ ಅಂಕಿ ಮುಂದಿನ ಸಾಲಿಗೆ ಜಾರುತ್ತದೆ. ಆಮೇಲೆ 13ನೇ ಬೈಟ್ ಆ ಹೊಸ ಸಾಲಿನ ಆರಂಭಕ್ಕೇ ಮರಳಿಸುವುದರಿಂದ ಹಳೆಯ ಪಟ್ಟಿಗಳು ಒಂದರ ಕೆಳಗೊಂದು ಉಳಿದುಬಿಡುತ್ತವೆ.

ಕನ್ನಡ ಶೀರ್ಷಿಕೆ ಸೇರಿದಾಗ ತೊಡಕು ಇನ್ನೂ ಸೂಕ್ಷ್ಮ. ‘ಪ್ರಗತಿ’ ಎಂಬುದು 6 ಕೋಡ್‌ಪಾಯಿಂಟ್, 18 ಬೈಟ್, ಓದುಗನ ಕಣ್ಣಿಗೆ ಮೂರು ಅಕ್ಷರ. ಮಾರ್ಕಸ್ ಕೂನ್ ಅವರ ಡಬ್ಲ್ಯುಸಿವಿಡ್ತ್ ಕೋಷ್ಟಕದ (2007ರ ಆವೃತ್ತಿ) ಪ್ರಕಾರ 4 ಕಾಲಮ್: ಪ, ರ, ಗ, ತ ತಲಾ ಒಂದು, ಹಲಂತಚಿಹ್ನೆಗೂ ಇಕಾರಕ್ಕೂ ಸೊನ್ನೆ. ಪ್ರಿಂಟ್‌ಎಫ್‌ನಲ್ಲಿ ಶೀರ್ಷಿಕೆಗೆ 20ರ ಅಗಲ ಕೊಟ್ಟರೆ ಅದು ಬೈಟ್ ಎಣಿಸಿ ಎರಡೇ ಖಾಲಿಜಾಗ ಸೇರಿಸುತ್ತದೆ. ಸಿಗುವುದು 6 ಕಾಲಮ್. ಅದೇ ಕೋಷ್ಟಕದಲ್ಲಿ ‘ಕಿ’ ಒಂದು ಕಾಲಮ್, ‘ಕೀ’ ಎರಡು. ಇಕಾರ ಜಾಗ ಪಡೆಯದ ಚಿಹ್ನೆಗಳ ವರ್ಗಕ್ಕೂ ಈಕಾರ ಜಾಗ ಪಡೆಯುವವುಗಳ ವರ್ಗಕ್ಕೂ ಸೇರಿರುವುದು ಇದಕ್ಕೆ ಕಾರಣ. ಒತ್ತಕ್ಷರವನ್ನು ಟರ್ಮಿನಲ್ ನಿಜಕ್ಕೂ ಎಷ್ಟು ಜಾಗದಲ್ಲಿ ಚಿತ್ರಿಸುತ್ತದೆ ಎಂಬುದು ಅದರ ಅಕ್ಷರಜೋಡಣೆಯನ್ನು ಅವಲಂಬಿಸಿದೆ. ಕೋಷ್ಟಕದ ಲೆಕ್ಕ ಅದಕ್ಕೆ ತಾಳೆಯಾಗಲೇಬೇಕೆಂದಿಲ್ಲ.

27 91 54 110 ಕಳಿಸಿ ಕರ್ಸರ್ ಎಲ್ಲಿದೆಯೆಂದು ಟರ್ಮಿನಲ್‌ಅನ್ನೇ ಕೇಳಬಹುದು. ಉತ್ತರ ಇನ್‌ಪುಟ್ ಮಾರ್ಗದಲ್ಲೇ ಬರುವುದರಿಂದ ಬಳಕೆದಾರ ಒತ್ತಿದ ಕೀಲಿಗಳೊಂದಿಗೆ ಬೆರೆಯುವ ಅಪಾಯವಿದೆ. ಪ್ರಗತಿಪಟ್ಟಿಗೆ ಇದು ಅತಿಯಾದ ಏರ್ಪಾಡು ಎಂದು ತೋರುತ್ತದೆ. ಇದಕ್ಕಿಂತ ಸರಳವಾದದ್ದು ಪಟ್ಟಿಯನ್ನು ಮೊದಲು, ಕನ್ನಡ ಶೀರ್ಷಿಕೆಯನ್ನು ಬಲತುದಿಯಲ್ಲಿ ಇಡುವುದು. ಆಗ ಶೀರ್ಷಿಕೆಯ ಅಳತೆ ತಪ್ಪಿದರೂ ಪಟ್ಟಿ ಅಲುಗುವುದಿಲ್ಲ. ಚೌಕಗಳ ಬದಲು ಆಸ್ಕಿ ಚಿಹ್ನೆಗಳನ್ನು ಬಳಸಿ, ಟರ್ಮಿನಲ್‌ನ ಅಗಲದಲ್ಲಿ ಬಲಗಡೆ ಕೆಲವು ಕಾಲಮ್‌ಗಳನ್ನು ಖಾಲಿ ಬಿಟ್ಟರೆ ಸಾಲು ಮುರಿಯುವ ಸಂಭವವೂ ಬಹಳ ಕಡಿಮೆ.