ಕಾರ್ನ್‌ವಾಲಿಸನ ಭಾವಚಿತ್ರ: ಚರಿತ್ರೆಯ ಆಕರವಾಗಿ ಒಂದು ತೈಲವರ್ಣ

ಮೈಸೂರಿನ ಚರಿತ್ರೆಯನ್ನು ಕುರಿತು ಬರೆಯುವಾಗ ನಾವು ಸಾಮಾನ್ಯವಾಗಿ ಶಾಸನ, ಕಡತ, ಬಖೈರು, ಪತ್ರವ್ಯವಹಾರಗಳನ್ನು ಆಕರಗಳೆಂದು ಪರಿಗಣಿಸುತ್ತೇವೆ. ವರ್ಣಚಿತ್ರಗಳು ಪುಸ್ತಕದ ನಡುವೆ ಅಲಂಕಾರಕ್ಕಾಗಿ ಸೇರುತ್ತವೆಯೇ ಹೊರತು ಅವುಗಳನ್ನು ಸಾಕ್ಷಿಗಳಂತೆ ವಿಚಾರಿಸುವ ರೂಢಿ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಈ ಕೊರತೆಯನ್ನು ಮನಗಾಣಲು ಒಂದು ಭಾವಚಿತ್ರವನ್ನು ಇಲ್ಲಿ ಪರಿಶೀಲಿಸಬಹುದು. ಅದು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಶಾಲೆಯಲ್ಲಿರುವ, ಥಾಮಸ್ ಗೇನ್ಸ್‌ಬರೊ 1783ರಲ್ಲಿ ರಚಿಸಿದ ಚಾರ್ಲ್ಸ್ ಕಾರ್ನ್‌ವಾಲಿಸನ ತೈಲಚಿತ್ರ.

ಕಾರ್ನ್‌ವಾಲಿಸ್ 1738ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯ ಮರಣಾನಂತರ 1762ರಲ್ಲಿ ಎರಡನೆಯ ಅರ್ಲ್ ಪದವಿಗೆ ಬಂದನು. ಅವನ ಮನೆತನದ ಆಸ್ತಿಪಾಸ್ತಿ ಸಫೋಕ್ ಪ್ರಾಂತದಲ್ಲಿತ್ತು. ಚಿತ್ರಕಾರ ಗೇನ್ಸ್‌ಬರೊ ಕೂಡ ಅದೇ ಪ್ರಾಂತದ ಸಡ್‌ಬರಿಯವನು. ಎದೆಮಟ್ಟದ ಈ ಚಿತ್ರದಲ್ಲಿ ಅರ್ಲ್ ಕೆಂಪು ಸೈನಿಕ ಉಡುಪಿನಲ್ಲಿದ್ದಾನೆ. ಕುಂಚದ ಹಗುರವಾದ ಎಳೆಗಳಿಂದ ಮೂಡಿದ ಮುಖ ಪ್ರಶಾಂತವಾಗಿದೆ. ಹಿನ್ನೆಲೆಯಲ್ಲಿ ಕೋಟೆಯಿಲ್ಲ, ರಣರಂಗವಿಲ್ಲ.

ಈ ಪ್ರಶಾಂತತೆಯನ್ನು ಚಿತ್ರದ ಕಾಲದೊಡನೆ ಇಟ್ಟು ನೋಡಬೇಕು. ಅದಕ್ಕೆ ಎರಡು ವರ್ಷಗಳ ಹಿಂದೆ, 1781ರ ಅಕ್ಟೋಬರ್ 19ರಂದು, ಅಮೆರಿಕದ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾಗಿತ್ತು. ಅನಾರೋಗ್ಯದ ನೆಪವೊಡ್ಡಿ ಅವನು ಶರಣಾಗತಿಯ ವಿಧಿಗೆ ಬರಲಿಲ್ಲ. ಕತ್ತಿಯನ್ನೊಪ್ಪಿಸಲು ಅಧೀನ ಅಧಿಕಾರಿ ಓಹಾರಾನನ್ನು ಕಳುಹಿಸಿದನು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಅಮೆರಿಕದ ವಸಾಹತುಗಳನ್ನು ತಪ್ಪಿಸಿದ ಸೋಲಿನ ನಾಯಕ ಈತನೆಂಬುದು ಭಾವಚಿತ್ರದಿಂದ ಎಲ್ಲಿಯೂ ತಿಳಿಯುವುದಿಲ್ಲ. ಉಡುಪು, ನಿಲುವು, ಕುಲೀನತೆಗಳು ಮಾತ್ರ ಉಳಿದಿವೆ. ಭಾವಚಿತ್ರವೆಂಬ ಪ್ರಕಾರದ ಮೊದಲ ಕಾರ್ಯವೇ ಇದು: ಅದು ವ್ಯಕ್ತಿಯನ್ನು ಘಟನೆಯಿಂದ ಬಿಡಿಸಿ ಪದವಿಯಲ್ಲಿ ಪ್ರತಿಷ್ಠಾಪಿಸುತ್ತದೆ.

ಮೂರು ವರ್ಷಗಳ ತರುವಾಯ, 1786ರಲ್ಲಿ, ಈ ಅರ್ಲ್ ಗವರ್ನರ್ ಜನರಲ್ ಆಗಿ ಬಂಗಾಳಕ್ಕೆ ಬಂದನು. ಮೂರನೆಯ ಮೈಸೂರು ಯುದ್ಧದಲ್ಲಿ ತಾನೇ ಸೈನ್ಯದ ನೇತೃತ್ವ ವಹಿಸಿ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರಂದು ಕೋಟೆಯನ್ನೂ ವಶಪಡಿಸಿಕೊಂಡನು. ಕೋಟೆಯ ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತ ಮಡಿದನು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದ ಕಂಪನಿಯ ಸೈನ್ಯ ಮಳೆ, ರೋಗ, ಆಹಾರದ ಅಭಾವಗಳಿಂದ ಕಂಗೆಟ್ಟು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಈ ಹಿಮ್ಮೆಟ್ಟುವಿಕೆ ಇಂಗ್ಲಿಷ್ ಚಿತ್ರಕಾರರ ಮೆಚ್ಚಿನ ವಸ್ತುವಾಗಲಿಲ್ಲ. ಅವರು ಆಯ್ದುಕೊಂಡದ್ದು ಮುಂದಿನ ವರ್ಷದ ಒಂದು ಪ್ರಸಂಗವನ್ನು.

1792ರ ಫೆಬ್ರವರಿ 26ರಂದು ಟಿಪ್ಪುಸುಲ್ತಾನನ ಇಬ್ಬರು ಎಳೆಯ ಪುತ್ರರು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಡೇರೆಗೆ ಬಂದರು. ಅವನು ಅವರನ್ನು ಕೈಹಿಡಿದು ಬರಮಾಡಿಕೊಂಡು ಒಬ್ಬೊಬ್ಬರಿಗೂ ಚಿನ್ನದ ಗಡಿಯಾರ ನೀಡಿದನು. ಈ ದೃಶ್ಯವನ್ನು ರಾಬರ್ಟ್ ಹೋಮ್, ಆರ್ಥರ್ ವಿಲಿಯಂ ಡೇವಿಸ್, ಮೇದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಮೊದಲಾದವರು ಚಿತ್ರಿಸಿದರು. ಇವರಲ್ಲಿ ಬ್ರೌನ್, ಸಿಂಗಲ್‌ಟನ್ ಇಬ್ಬರೂ ಭಾರತವನ್ನು ಕಂಡವರಲ್ಲ. ಸೈನ್ಯದೊಡನೆ ಮೈಸೂರು ಸೀಮೆಗೆ ಬಂದಿದ್ದ ಹೋಮ್ ತನ್ನ ಚಿತ್ರದ ಒಂದಂಚಿನಲ್ಲಿ ತನ್ನನ್ನೂ ಬರೆದುಕೊಂಡು ತಾನು ಪ್ರತ್ಯಕ್ಷದರ್ಶಿಯೆಂದು ಸಾರಿದ್ದಾನೆ. ಯಾರ್ಕ್‌ಟೌನಿನಲ್ಲಿ ಶರಣಾಗತಿಗೆ ಮುಖ ತೋರದಿದ್ದವನು ಇಲ್ಲಿ ಶರಣಾಗತಿಯನ್ನು ಸ್ವೀಕರಿಸುವ ವತ್ಸಲ ಪಿತೃವಿನಂತೆ ಕಾಣುತ್ತಾನೆ. ಗೇನ್ಸ್‌ಬರೊನ ಚಿತ್ರದ ಪ್ರಶಾಂತ ಕುಲೀನತೆಗೆ ಈಗ ಒಂದು ಕಥೆ ದೊರೆತಂತಾಯಿತು. ಅದೇ ವರ್ಷ ಅರ್ಲ್ ಪದವಿಯಿಂದ ಮಾರ್ಕ್ವಿಸ್ ಪದವಿಗೇರಿದನು.

ಈ ವಾತ್ಸಲ್ಯದ ಹಿಂದಿನ ಲೆಕ್ಕವನ್ನು ಚಿತ್ರಗಳು ಹೇಳುವುದಿಲ್ಲ. 1792ರ ಮಾರ್ಚ್ ತಿಂಗಳ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಗಿತ್ತು. ಮಕ್ಕಳು ಆ ಕರಾರಿನ ಜಾಮೀನು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಮಲಬಾರು, ದಿಂಡಿಗಲ್ಲುಗಳೊಡನೆ ಬಾರಾಮಹಲ್ ಸೀಮೆಯೂ ಕಂಪನಿಯ ಕೈಸೇರಿತು. ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಅಲ್ಲಿ ನಡೆಸಿದ ಕಂದಾಯದ ಪ್ರಯೋಗಗಳಿಂದಲೇ ರೈತವಾರಿ ಪದ್ಧತಿ ರೂಪುಗೊಂಡಿತು. ಇಂದು ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿರುವ ಆ ಸೀಮೆಯಲ್ಲಿ ಕನ್ನಡ ಮಾತನಾಡುವವರು ಈಗಲೂ ಇದ್ದಾರೆ. ಅವರು ಊರು ಬಿಟ್ಟು ಹೊರನಾಡಿಗೆ ಹೋದವರೆಂದು ಮಾತ್ರ ಭಾವಿಸುವುದು ಸರಿಯಲ್ಲ. ಗಡಿಯೇ ಅವರ ನೆಲದ ಮೇಲೆ ಹಾದುಹೋಗಿ ಮೈಸೂರಿನಿಂದ ಅವರನ್ನು ಬೇರ್ಪಡಿಸಿತು. ಆ ಬೇರ್ಪಡುವಿಕೆಯ ಒಂದು ಮುಖ್ಯ ಘಟ್ಟ ಈ ಡೇರೆಯ ದೃಶ್ಯದಲ್ಲಿದೆ.

ಇದಕ್ಕೆ ಪ್ರತಿಯಾದ ಚಿತ್ರವೊಂದು ನಮ್ಮಲ್ಲಿಯೇ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಭಿತ್ತಿಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರಣವಿದೆ. ಅಲ್ಲಿ ಕಂಪನಿಯ ದಳಪತಿ ಬೇಯ್ಲಿ ಸುತ್ತುವರಿದ ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಆಂಗ್ಲ ನಾಯಕನನ್ನು ಆ ಭಿತ್ತಿ ಘಟನೆಯಿಂದ ಬಿಡಿಸಿಕೊಡುವುದಿಲ್ಲ; ಸೋಲಿನ ನಡುವೆಯೇ ಅವನನ್ನು ಇರಿಸುತ್ತದೆ. ಅದೂ ನಿಷ್ಪಕ್ಷಪಾತವಾದ ಸಾಕ್ಷಿಯಲ್ಲ, ಗೆದ್ದವರ ಚಿತ್ರವೇ. ಆದರೆ ಎರಡನ್ನೂ ಜೊತೆಯಾಗಿ ಓದಿದಾಗ ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ತೆರೆಯುತ್ತದೆ.

ಕಾರ್ನ್‌ವಾಲಿಸ್ 1805ರ ಅಕ್ಟೋಬರ್ 5ರಂದು ಗಾಜೀಪುರದಲ್ಲಿ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಇದೆ. ಲಂಡನ್ನಿನವರೆಗೆ ಹೋಗಲಾಗದ ಸಂಶೋಧಕರು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಥಾಮಸ್ ಬ್ಯಾಂಕ್ಸ್ ಕಡೆದ ಅವನ ಅಮೃತಶಿಲೆಯ ಪ್ರತಿಮೆಯನ್ನು ನೋಡಬಹುದು. ಅದರ ಪೀಠದ ಉಬ್ಬುಶಿಲ್ಪದಲ್ಲಿ ಆ ಇಬ್ಬರು ಬಾಲಕರಿದ್ದಾರೆ. ನೋಡುವವರ ದೃಷ್ಟಿ ಸಹಜವಾಗಿ ಮೇಲಿನ ಪ್ರತಿಮೆಯ ಮುಖದತ್ತ ಹೋಗುತ್ತದೆ. ಕನ್ನಡ ಸಂಶೋಧನೆ ಪೀಠದಿಂದ ಆರಂಭಿಸುವುದು ಒಳಿತೆಂದು ನಾವು ಭಾವಿಸುತ್ತೇವೆ.